ಸ್ಕೂಟರ್ ಯಾರದ್ದು ಅಂತ ನೆಟ್‌ವರ್ಕಿಗೆ ಹೇಗೆ ಗೊತ್ತಾಗಬೇಕು?

ಪ್ರಶ್ನೆ: ನ್ಯೂರಲ್ ನೆಟ್‌ವರ್ಕಿಗೆ ಡೇಟಾ ಕೊಟ್ಟರೆ ಎಲ್ಲಾ ಕಲಿಯುತ್ತದಲ್ಲ, ಮನಸ್ಸಿನ ಮಾದರಿ ಕಟ್ಟೋಕೆ ಲಾಜಿಕ್ ಯಾಕೆ?
– ಇಂಜಿನಿಯರಿಂಗ್ ವಿದ್ಯಾರ್ಥಿ, ಬನಶಂಕರಿ

ಉತ್ತರ: ಈ ಪ್ರಶ್ನೆ ಬರದ ತಿಂಗಳಿಲ್ಲ. ನ್ಯೂರಾನ್ ಅಂದರೇನು ಅಂತ ಮೊದಲಿಂದ ಹೇಳುತ್ತಾ ಕೂರಲ್ಲ; ನ್ಯೂರಲ್ ನೆಟ್‌ವರ್ಕ್ ಅಂದರೆ ಮೆದುಳಿನ ನರಕೋಶಗಳ ಹಾಗೆ ಒಂದಕ್ಕೊಂದು ಕೊಂಡಿ ಹಾಕಿದ ಪುಟ್ಟ ಘಟಕಗಳ ಜಾಲ, ಅಷ್ಟು ಸಾಕು. ‘ಸೀನ ರಾಜುಗೆ ಸ್ಕೂಟರ್ ಮಾರಿದ.’ ಸ್ಕೂಟರ್ ಈಗ ಯಾರದ್ದು? ರಾಜುದು, ನೀವು ಯೋಚಿಸಲೂ ಇಲ್ಲ ಅಲ್ವಾ. ಒಂದು ಸಾದಾ ನೆಟ್‌ವರ್ಕಿನಲ್ಲಿ ಸೀನ, ರಾಜು, ಸ್ಕೂಟರ್, ಮಾರು, ಇವಕ್ಕೆ ಒಂದೊಂದು ಘಟಕ ಇಡಿ. ನಾಲ್ಕೂ ಒಟ್ಟಿಗೆ ಚುರುಕಾದವು. ಮಾರಿದ್ಯಾರು, ಕೊಂಡದ್ಯಾರು? ಗೊತ್ತಿಲ್ಲ. ರಾಜು ಸೀನನಿಗೆ ಮಾರಿದ್ದರೂ ಅವೇ ನಾಲ್ಕು. 1988ರಲ್ಲಿ ತತ್ವಜ್ಞಾನಿ ಫೋಡರ್ ಮತ್ತು ಮನಸ್ಸಿನ ವಿಜ್ಞಾನಿ ಪಿಲಿಶಿನ್ ಚುಚ್ಚಿದ್ದು ಇಲ್ಲೇ: ಮೊದಲ ವಾಕ್ಯ ಅರ್ಥವಾದ ಮನುಷ್ಯನಿಗೆ ತಿರುವುಮುರುವಾದದ್ದೂ ಅರ್ಥವಾಗುತ್ತದೆ, ನಿಮ್ಮ ನೆಟ್‌ವರ್ಕಿಗೆ ಆ ಖಾತ್ರಿ ಎಲ್ಲಿದೆ ಅಂತ.

ನನಗೆ ಇವತ್ತಿಗೂ ಹಿಡಿಸುವ ಉತ್ತರ 1993ರದ್ದು, ಲೋಕೇಂದ್ರ ಶಾಸ್ತ್ರಿ ಮತ್ತು ವೆಂಕಟ್ ಅಜ್ಜನಗದ್ದೆ ಅವರ ‘ಶ್ರುತಿ’ ಮಾದರಿ. ಅದರಲ್ಲಿ ‘ಸೀನ’ ಮತ್ತು ‘ಮಾರಿದವ’ ಒಂದೇ ಹೊತ್ತಿಗೆ ಮಿಡಿಯುತ್ತವೆ, ‘ರಾಜು’ ಮತ್ತು ‘ಕೊಂಡವ’ ಸ್ವಲ್ಪ ತಡೆದು ಇನ್ನೊಂದು ಹೊತ್ತಿಗೆ. ಕೊಂಡವನೇ ಒಡೆಯ ಅನ್ನೋ ನಿಯಮವನ್ನು ಬೇರೆಲ್ಲೂ ಬರೆದಿಟ್ಟಿಲ್ಲ, ‘ಕೊಂಡವ’ನಿಂದ ‘ಒಡೆಯ’ನಿಗೆ ಹೋಗುವ ಕೊಂಡಿಯೇ ಆ ನಿಯಮ. ಮಿಡಿತ ಅದರಲ್ಲಿ ಹರಿದು ‘ಒಡೆಯ’ನೂ ‘ರಾಜು’ವಿನ ತಾಳಕ್ಕೇ ಮಿಡಿಯತೊಡಗಿದರೆ ಉತ್ತರ ಸಿಕ್ಕಿತು. ಒಂದು ಸುತ್ತಿನಲ್ಲಿ ಹಿಡಿಸುವ ಹೊತ್ತುಗಳು ಕೆಲವೇ, ಹಾಗಾಗಿ ಒಮ್ಮೆಗೆ ಜಾಸ್ತಿ ಜನರನ್ನು ಇಟ್ಟುಕೊಳ್ಳೋಕೆ ಆಗಲ್ಲ. ನಮಗೂ ಆಗಲ್ಲವಲ್ಲ! ಮೆದುಳು ಹೀಗೇ ಕೆಲಸ ಮಾಡುತ್ತೆ ಅಂತ ಯಾರಾದರೂ ಆಣೆ ಹಾಕಿದರೆ ಮಾತ್ರ ನಂಬಬೇಡಿ, ಅದಿನ್ನೂ ವಾದದಲ್ಲೇ ಇದೆ.

ಈಗಿನ ದೊಡ್ಡ ಭಾಷಾ ಮಾಡೆಲ್‌ಗಳು ಸ್ಕೂಟರ್ ಪ್ರಶ್ನೆಗೆ ಸರಿಯಾಗೇ ಉತ್ತರಿಸುತ್ತವೆ, ಒಪ್ಪಿದೆ. ಆದರೆ 2024ರಲ್ಲಿ ಗೂಗಲ್ ಡೀಪ್‌ಮೈಂಡಿನ ಆಲ್ಫಾಜಿಯೊಮೆಟ್ರಿ ಅನ್ನೋ ಪ್ರೋಗ್ರಾಂ ಗಣಿತ ಒಲಿಂಪಿಯಾಡಿನ 30 ರೇಖಾಗಣಿತದ ಲೆಕ್ಕಗಳಲ್ಲಿ 25 ಬಿಡಿಸಿತಲ್ಲ, ಅಲ್ಲಿ ಹೊಸ ಬಿಂದು ಎಲ್ಲಿ ಹಾಕಬೇಕು ಅಂತ ಊಹಿಸಿದ್ದು ನೆಟ್‌ವರ್ಕ್, ಹೆಜ್ಜೆ ಹೆಜ್ಜೆಯಾಗಿ ಸಾಧಿಸಿದ್ದು ಲಾಜಿಕ್. ಸುಮ್ನೆ ಡೇಟಾ ಸುರಿದದ್ದಲ್ಲ.

ಪ್ರಶ್ನೆ: ಎಡ ಮೆದುಳು ಲಾಜಿಕ್, ಬಲ ಮೆದುಳು ನೆಟ್‌ವರ್ಕ್ ಅಲ್ಲವೇ?
ಉತ್ತರ: ಅಲ್ಲ. ಎರಡೂ ಕಡೆ ನ್ಯೂರಾನ್‌ಗಳೇ.

ಪ್ರಶ್ನೆ: ನೆಟ್‌ವರ್ಕ್, ಲಾಜಿಕ್ ಎರಡನ್ನೂ ಬೆಸೆಯುವ ಆರು ವಾರದ ‘ನ್ಯೂರೋ-ಸಿಂಬಾಲಿಕ್’ ಕೋರ್ಸ್ ಮಾಡಿದರೆ ಕೆಲಸ ಸಿಗುತ್ತಾ?
ಉತ್ತರ: ಕೋರ್ಸ್ ಮಾರುವವರಿಗೆ ಸಿಕ್ಕಿದೆ.

ಪ್ರಶ್ನೆ: ನಮ್ಮ ಏರಿಯಾದಲ್ಲಿ ‘ಮಿಡ್‌ಬ್ರೈನ್ ಆಕ್ಟಿವೇಶನ್’ ಕ್ಲಾಸ್ ಶುರುವಾಗಿದೆ. ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುತ್ತಾರೆ. ಮಗಳನ್ನು ಸೇರಿಸಲೇ?
– ಗೃಹಿಣಿ, ಜಯನಗರ

ಉತ್ತರ: ಬೇಡಮ್ಮ. ಮೂಗಿನ ಪಕ್ಕದ ಸಂದಿಯಿಂದ ಮಕ್ಕಳು ಇಣುಕುತ್ತಾರೆ, ಅಷ್ಟೇ. ಪುಸ್ತಕವನ್ನು ಹಣೆಯ ಮಟ್ಟಕ್ಕೆ ಎತ್ತಿ ಹಿಡಿದು ಓದಿಸಿ ಅನ್ನಿ, ಮೇಷ್ಟ್ರ ಮುಖ ನೋಡಿ. ಫೀಸ್ ಕಟ್ಟಿದ್ದರೆ ಇವತ್ತೇ ವಾಪಸ್ ಕೇಳಿ.