ಗಾಳಿಗೆ ಬಿದ್ದ ಮರ, ಮನೆಗೆ ಬೇಕಾದ ಸೌದೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಮುಂಗಾರು ಶುರುವಾದ ಮೇಲೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಬಿದ್ದ ಮರದ ಬಗ್ಗೆಯೇ ಇವೆ. ಎಲ್ಲಕ್ಕೂ ಉತ್ತರ ಬರೆಯಲು ಜಾಗವಿಲ್ಲ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ, ಐದಕ್ಕೆ ಉತ್ತರ ಕೊಟ್ಟಿದ್ದೇನೆ.

ಪ್ರಶ್ನೆ: ಸೋಮವಾರಪೇಟೆ ಹತ್ತಿರ ನಮ್ಮ ಕಾಫಿ ತೋಟವಿದೆ. ಒಂದೇ ರಾತ್ರಿ ಬೀಸಿದ ಗಾಳಿಗೆ ನಾಲ್ಕು ಸಿಲ್ವರ್ ಓಕ್, ಒಂದು ದೊಡ್ಡ ಹಲಸು ಬುಡಸಮೇತ ಬಿದ್ದಿವೆ. ಒಂದು ಮರ ಕರೆಂಟ್ ತಂತಿ ಮೇಲಿದೆ. ದಾರಿ ಬಂದ್ ಆಗಿದೆ. ಚೈನ್ ಸಾ ಇದೆ, ಟ್ರ್ಯಾಕ್ಟರ್ ಇದೆ. ಎಲ್ಲಿಂದ ಶುರು ಮಾಡಲಿ?

ತಂತಿಯಿಂದ. ಅಂದರೆ, ಆ ಮರವನ್ನು ನೀವು ಮುಟ್ಟಬೇಡಿ ಅಂತ. 1912ಕ್ಕೆ ಫೋನ್ ಮಾಡಿ, ಲೈನ್‌ಮನ್ ಬಂದು ಲೈನ್ ಕಟ್ ಮಾಡಿ, ಅವರ ಬಾಯಿಂದಲೇ "ಇನ್ನು ಮುಟ್ಟಬಹುದು" ಅಂತ ಬರುವವರೆಗೆ ಆ ಮರದ ಸುತ್ತ ಯಾರೂ ಸುಳಿಯಬಾರದು. ಊರಲ್ಲಿ ಕರೆಂಟ್ ಇಲ್ಲ ಅಲ್ವಾ ಅಂತ ಧೈರ್ಯ ಮಾಡುವವರಿದ್ದಾರೆ. ಯಾರದೋ ಮನೆಯ ಜನರೇಟರ್ ಸರಿಯಾದ ಚೇಂಜ್ ಓವರ್ (ಊರಿನ ಲೈನಿನಿಂದ ಬೇರೆ ಮಾಡುವ ಸ್ವಿಚ್) ಇಲ್ಲದೆ ಓಡುತ್ತಿದ್ದರೆ ಅದೇ ತಂತಿಗೆ ಹಿಂದಿನಿಂದ ಕರೆಂಟ್ ಬರುತ್ತದೆ.

ಉಳಿದ ಮರಗಳಿಗೆ ಬರೋಣ. ನಿಂತ ಮರ ಕಡಿಯುವುದಕ್ಕಿಂತ ಬಿದ್ದ ಮರ ಕಡಿಯುವುದು ಸುಲಭ ಅಂತ ತುಂಬಾ ಜನ ತಿಳಿದಿದ್ದಾರೆ. ಇರುವುದು ಉಲ್ಟಾ. 2005ರ ಜನವರಿಯಲ್ಲಿ ಸ್ವೀಡನ್ನಿನಲ್ಲಿ ಗುಡ್ರುನ್ ಅನ್ನುವ ಬಿರುಗಾಳಿ ಬಂದು ಸುಮಾರು 7.5 ಕೋಟಿ ಘನ ಮೀಟರ್ ಮರ ಉರುಳಿಸಿತ್ತು. ಕಾಡಿನ ಕೆಲಸವನ್ನೇ ಕಸುಬು ಮಾಡಿಕೊಂಡ, ಒಳ್ಳೆಯ ಮಿಷನ್ ಇರುವ ದೇಶ ಅದು. ಅಲ್ಲೂ ಗಾಳಿ ನಿಂತ ಮೇಲೆ ಮರ ತೆರವು ಮಾಡಲು ಹೋಗಿ ಹಲವರು ಸತ್ತರು. ಕಾರಣ ಇಷ್ಟೇ. ಬಿದ್ದ ಮರ ಸುಮ್ನೆ ಮಲಗಿರುವುದಿಲ್ಲ. ಎಳೆದು ಹಿಡಿದ ಬಿಲ್ಲಿನ ಹಾಗೆ ಬಿಗಿದುಕೊಂಡಿರುತ್ತದೆ.

ಒಂದು ಹಸಿ ಕೋಲು ತಗೊಂಡು ಎರಡೂ ಕೈಯಲ್ಲಿ ಬಗ್ಗಿಸಿ ನೋಡಿ. ಒಳಮಗ್ಗುಲಿನ ಸಿಪ್ಪೆ ಸುಕ್ಕಾಗುತ್ತದೆ, ಹೊರಮಗ್ಗುಲಿನದು ಬಿಗಿದು ಎಳೆದುಕೊಳ್ಳುತ್ತದೆ. ನಿಮ್ಮ ದಾರಿಗೆ ಅಡ್ಡ ಬಿದ್ದ ಮರದಲ್ಲೂ ಇವೆರಡು ಮಗ್ಗುಲು ಇವೆ. ಮರದ ಎರಡೂ ತುದಿ ದಾರಿಯ ಅಕ್ಕಪಕ್ಕದ ಧರೆಯ (ದಿಬ್ಬದ) ಮೇಲೆ ಕೂತು ನಡುವೆ ನೇತಾಡುತ್ತಿದ್ದರೆ ಮೇಲ್ಭಾಗ ಒತ್ತಿಕೊಂಡಿದೆ, ಕೆಳಭಾಗ ಎಳೆದುಕೊಂಡಿದೆ ಅಂತ ಅರ್ಥ. ಆಗ ಮೊದಲು ಮೇಲಿನಿಂದ ಸ್ವಲ್ಪ, ದಪ್ಪದ ಮೂರನೇ ಒಂದು ಭಾಗಕ್ಕಿಂತ ಕಮ್ಮಿ ಕೊಯ್ಯಿರಿ. ಆಮೇಲೆ ಕೆಳಗಿನಿಂದ ಮೇಲಕ್ಕೆ ಕೊಯ್ದು ಮುಗಿಸಿ. ಒಂದೇ ತುದಿ ಕೂತು ಇನ್ನೊಂದು ಗಾಳಿಯಲ್ಲಿದ್ದರೆ ಎಲ್ಲ ತಿರುಗಾ ಮುರುಗಾ. ಮೊದಲು ಕೆಳಗಿನಿಂದ ಸ್ವಲ್ಪ, ಆಮೇಲೆ ಮೇಲಿನಿಂದ. ಒತ್ತಿಕೊಂಡ ಕಡೆಯಿಂದಲೇ ಪೂರ್ತಿ ಕೊಯ್ಯಲು ಹೋದರೆ ಬಾರ್, ಅಂದರೆ ಚೈನ್ ಸುತ್ತುವ ಉದ್ದದ ಪಟ್ಟಿ, ಕಚ್ಚಿಕೊಂಡು ಕೂರುತ್ತದೆ. ಎಳೆದುಕೊಂಡ ಕಡೆ ಮೊದಲೇ ಆಳವಾಗಿ ಕೊಯ್ದರೆ ಮರ ಉದ್ದಕ್ಕೆ ಸೀಳಿ ಸಿಡಿಯುತ್ತದೆ. ಮರ ಪಕ್ಕಕ್ಕೆ ಬಾಗಿದ್ದರೆ ನೀವು ಒಳಮಗ್ಗುಲಲ್ಲಿ ನಿಲ್ಲಬೇಕು, ಹೊರಮಗ್ಗುಲಿಗೆ ಅದು ಬಾರುಕೋಲಿನ ಹಾಗೆ ಬೀಸುತ್ತದೆ. ಇಳಿಜಾರಿನಲ್ಲಿ ಯಾವಾಗಲೂ ಮೇಲಿನ ಕಡೆ ನಿಲ್ಲಿ. ಬಾರಿನ ಮೂತಿಯ ಮೇಲ್ಭಾಗ ಯಾವ ಕೊಂಬೆಗೂ ತಾಗಬಾರದು. ತಾಗಿದರೆ ಮಿಷನ್ ಮುಖಕ್ಕೆ ಎಗರುತ್ತದೆ.

ಕಾಫಿ ತೋಟದಲ್ಲಿ ಇನ್ನೊಂದು ಅಪಾಯ ಇದೆ. ಮರದ ಕೆಳಗೆ ಸಿಕ್ಕಿಬಿದ್ದ ಕಾಫಿ ಗಿಡಗಳು ಕಮಾನಾಗಿ ಬಾಗಿರುತ್ತವೆ. ಹೋಗಲಿ ಇದೊಂದು ಗಿಡ ಅಂತ ಅದನ್ನು ಒಂದೇ ಏಟಿಗೆ ಕೊಯ್ದರೆ ಅದು ನೇರವಾಗಿ ಮುಖಕ್ಕೇ ಬಡಿಯುತ್ತದೆ. ಮೇಲಿನ ಮರದ ತುಂಡು ನಿಧಾನ ಎತ್ತಿಸಿ, ಗಿಡ ತಾನೇ ಎದ್ದು ನಿಲ್ಲಲಿ. ಅದರಲ್ಲಿ ಅರ್ಧದಷ್ಟು ಗಿಡ ಉಳಿದರೂ ಲಾಭವೇ ಅಲ್ವಾ.

ಈಗ ಹಲಸು. ಎರಡು ವರ್ಷದ ಹಿಂದೆ ನಮ್ಮ ತೋಟದ ಅಂಚಿನಲ್ಲೂ ಹೀಗೇ ಒಂದು ಹಲಸು ಬೇರುಸಮೇತ ಉರುಳಿತ್ತು. ಬೇರು, ಮಣ್ಣು ಸೇರಿ ಆಳೆತ್ತರದ ಗೋಡೆ ಎದ್ದು ನಿಂತಿತ್ತು, ಹಿಂದೆ ದೊಡ್ಡ ಹೊಂಡ. ಆ ಹೊಂಡದ ತಂಪಿನಲ್ಲಿ ನಮ್ಮ ನಾಯಿ ಮಲಗಿತ್ತು. ಕೊಯ್ಯುವ ಮುಂಚೆ ಒಂದು ಸುತ್ತು ಬಂದು ನೋಡಿದ್ದಕ್ಕೆ ಕಣ್ಣಿಗೆ ಬಿತ್ತು, ಎಬ್ಬಿಸಿ ಓಡಿಸಿದೆ. ಬೊಡ್ಡೆ ಕೊಯ್ದು ಮುಗಿಯುವ ಹೊತ್ತಿಗೆ, ಭಾರ ತಪ್ಪಿದ ಆ ಇಡೀ ಗೋಡೆ ಒಂದೇ ಉಸಿರಿಗೆ ಹಿಂದಕ್ಕೆ ಬಿದ್ದು ಹೊಂಡ ಮುಚ್ಚಿಕೊಂಡಿತು. ನೆಲ ಅದುರಿದ್ದು ಅಂಗಾಲಿಗೆ ಗೊತ್ತಾಯಿತು. ಸಿಪ್ಪೆ ಮೇಲಿನ ಹಾಲು ಒರೆಸಿಕೊಳ್ಳುತ್ತಾ ನಾನು ಅಲ್ಲೇ ಕೂತುಬಿಟ್ಟೆ, ಆ ದಿನ ಇನ್ನೇನೂ ಕೆಲಸ ಮಾಡಲಿಲ್ಲ. ಮಕ್ಕಳು ಆ ಹೊಂಡದಲ್ಲಿ ಆಡುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ದಯವಿಟ್ಟು ಬಿಡಬೇಡಿ.

ಹಾಗಾಗಿ ಹಲಸಿನ ಬುಡ ಕೊನೆಗಿರಲಿ. ಮೊದಲು ತುದಿಯ ಕೊಂಬೆ ಬಿಡಿಸಿ, ಟ್ರ್ಯಾಕ್ಟರಿಗೆ ಉದ್ದದ ತಂತಿ ಹಗ್ಗ ಕಟ್ಟಿ ಬೇರಿನ ಗೋಡೆ ಅಲ್ಲಾಡದ ಹಾಗೆ ಬಿಗಿಹಿಡಿದು, ಆಮೇಲೆ ಬೊಡ್ಡೆ ಕೊಯ್ಯಿರಿ. ಗೋಡೆ ಮರದ ಕಡೆಗೇ ವಾಲಿದ್ದರೆ, ಅದು ಎಷ್ಟು ಎತ್ತರವೋ ಹತ್ತಿರ ಹತ್ತಿರ ಅಷ್ಟೇ ಉದ್ದದ ಬೊಡ್ಡೆ ಬಿಟ್ಟು ಕೊಯ್ಯಿರಿ. ಇಲ್ಲದಿದ್ದರೆ ನಿಮ್ಮ ಮೇಲೇ ಮಗುಚಬಹುದು. ಎಳೆಯುವಾಗ ಹಗ್ಗದ ನೇರಕ್ಕೆ ಯಾರೂ ನಿಲ್ಲಬಾರದು. ಒಂದು ಮರ ಇನ್ನೊಂದಕ್ಕೆ ಒರಗಿ ನಿಂತಿದ್ದರೆ ಅದರ ಕೆಳಗೆ ಹೋಗಲೇಬೇಡಿ, ದೂರದಿಂದ ಎಳೆದು ಬೀಳಿಸಿ.

ದಾರಿ ಒಂದು ದಿನ ತಡವಾಗಿ ಬಿಟ್ಟರೂ ಪರವಾಗಿಲ್ಲ.

ಪ್ರಶ್ನೆ: ನನ್ನ ಚೈನ್ ಸಾ ಒಂದು ಪಕ್ಕಕ್ಕೆ ಎಳೆದುಕೊಂಡು ಸೊಟ್ಟಗೆ ಕೊಯ್ಯುತ್ತದೆ, ಹೊಗೆ ಬರುತ್ತದೆ, ಹೋದ ವರ್ಷ ಇಟ್ಟಿದ್ದು ಈ ಸಲ ಸ್ಟಾರ್ಟೇ ಆಗಲಿಲ್ಲ. ಹೊಸ ಮಿಷನ್ ತಗೊಳ್ಳಬೇಕಾ? (ಕೊಪ್ಪ)

ಬೇಡ. ಸೊಟ್ಟಗೆ ಕೊಯ್ಯುತ್ತಿದ್ದರೆ ಒಂದು ಕಡೆಯ ಹಲ್ಲು ಮೊಂಡಾಗಿದೆ ಅಂತ. ಉದುರುವ ಹೊಟ್ಟು ನೋಡಿ. ಅವಲಕ್ಕಿಯ ಹಾಗೆ ಚೂರು ಚೂರು ಬಂದರೆ ಹರಿತ ಇದೆ, ಹಿಟ್ಟಿನ ಹಾಗೆ ಬಂದರೆ ಇಲ್ಲ. ಬಿದ್ದ ಮರದ ಸಿಪ್ಪೆಗೆ ಮಣ್ಣು, ಹರಳು ಮೆತ್ತಿಕೊಂಡಿರುತ್ತದೆ, ಒಂದೇ ಸಲ ತಾಗಿದರೂ ಹಲ್ಲು ಹೋಯಿತು. ಕೊಯ್ಯುವ ಜಾಗದ ಮಣ್ಣನ್ನು ಕತ್ತಿಯಲ್ಲಿ ಕೆರೆದು ತೆಗೆಯಿರಿ. ಚೈನಿನ ಅಳತೆ ನೋಡಿಕೊಂಡು ಅದಕ್ಕೆ ಹೊಂದುವ ದುಂಡು ಅರ ತನ್ನಿ. 0.325 ಇಂಚಿನ ಚೈನಿಗೆ ಸಾಮಾನ್ಯವಾಗಿ 4.8 ಮಿಲಿಮೀಟರ್ ಅರ. ಸುಮಾರು 30 ಡಿಗ್ರಿ ಓರೆಯಲ್ಲಿ, ಪ್ರತಿ ಹಲ್ಲಿಗೂ ಲೆಕ್ಕ ಇಟ್ಟು ಅಷ್ಟೇ ಸಲ, ಮುಂದಕ್ಕೆ ಮಾತ್ರ ಉಜ್ಜಿ. ಎರಡು ಟ್ಯಾಂಕ್ ಪೆಟ್ರೋಲ್ ಮುಗಿದಾಗೆಲ್ಲ ಈ ಕೆಲಸ ಮಾಡಿದರೆ ಮಿಷನ್ ತಳ್ಳಬೇಕಾಗಿಲ್ಲ, ಅದೇ ಇಳಿಯುತ್ತದೆ. ಹೊಗೆ ಬಾರಿನಿಂದ ಬರುತ್ತಿದ್ದರೆ ಚೈನ್ ಆಯಿಲ್ ಹೋಗುತ್ತಿಲ್ಲ, ತೂತು ಕಟ್ಟಿಕೊಂಡಿರುತ್ತದೆ.

ಸ್ಟಾರ್ಟ್ ಆಗದಿರುವುದಕ್ಕೆ ಹಳೆಯ ಪೆಟ್ರೋಲ್ ಕಾರಣ ಇರಬೇಕು. ಈಗ ಬಂಕ್‌ನಲ್ಲಿ ಸಿಗುವುದು ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಕೇಳಲೇಬೇಡಿ. ತಿಂಗಳಿಗೆ ಎಷ್ಟು ಬೇಕೋ ಅಷ್ಟೇ ಪೆಟ್ರೋಲಿಗೆ ಆಯಿಲ್ ಬೆರೆಸಿ. ನಿಮ್ಮ ಮಿಷನ್ನಿಗೆ 50ಕ್ಕೆ 1 ಅಂತ ಇದ್ದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿ ಟೂ ಟಿ ಆಯಿಲ್, 25ಕ್ಕೆ 1 ಅಂತ ಇದ್ದರೆ 40 ಮಿಲಿ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ಆಫ್ ಆಗುವವರೆಗೆ ಓಡಿಸಿ ಇಡಿ.

ಪ್ರಶ್ನೆ: ಸಾಗರದ ಕಡೆಯವರು ನಾವು. ಅಡಿಕೆ ಬೇಯಿಸಲು, ಬಚ್ಚಲೊಲೆಗೆ ಸೌದೆ ಬೇಕು. ಕೊಡಲಿ ಹಿಡಿಯುವವರು ಸಿಗುತ್ತಿಲ್ಲ. ಸೌದೆ ಸೀಳುವ ಮಿಷನ್ ತಗೊಳ್ಳೋಣ ಅಂತ. ಕರೆಂಟಿನದ್ದಾ, ಟ್ರ್ಯಾಕ್ಟರಿನದ್ದಾ, ತಿರುಗುವ ಶಂಕುವಿನದ್ದಾ? ಒಂದು ಕಡೆ ಮರ ಹಾಕಿದರೆ ಇನ್ನೊಂದು ಕಡೆ ಸೌದೆ ಬೀಳುವ ಫಾರಿನ್ ಮಿಷನ್ ವೀಡಿಯೋ ಕೂಡ ನೋಡಿದೆ.

ಕೊನೆಯದನ್ನು ಮೊದಲು ಹೇಳಿಬಿಡುತ್ತೇನೆ. ಆ ದೊಡ್ಡ ಮಿಷನ್‌ಗಳು ಫಿನ್ಲೆಂಡಿನಂಥ ಕಡೆಯ ನೆಟ್ಟಗಿನ ಬರ್ಚ್, ಸ್ಪ್ರೂಸ್ ಮರಕ್ಕೆ ಮಾಡಿದವು. ನಮ್ಮ ಹಲಸು, ಮತ್ತಿ, ಅಕೇಶಿಯಾಗಳ ಗಂಟು, ಡೊಂಕು, ಕವಲು ಅದರ ಬಾಯಿಗೆ ಹೋಗುವುದಿಲ್ಲ. ಆಸೆ ಬಿಡಿ.

ತಿರುಗುವ ಶಂಕು, ಅಂದರೆ ತಿರುಪಿನ ಹಾಗೆ ಮರದೊಳಗೆ ಕೊರೆದು ಸೀಳುವಂಥದ್ದು, ಅಗ್ಗ. ಲೋಕಲ್ ವರ್ಕ್‌ಶಾಪಿನಲ್ಲೇ ಮಾಡಿಕೊಡುತ್ತಾರೆ. ನಾನು ಅದನ್ನು ಯಾರಿಗೂ ಹೇಳುವುದಿಲ್ಲ. ಅದು ನಿಲ್ಲುವುದೇ ಇಲ್ಲ, ತಿರುಗುತ್ತಲೇ ಇರುತ್ತದೆ. ಕೈಗವಸು, ಪಂಚೆ, ಸೀರೆ ಸೆರಗು, ತಲೆಗೆ ಸುತ್ತಿದ ಟವೆಲ್, ಯಾವುದು ಸಿಕ್ಕರೂ ಸುತ್ತಿಕೊಂಡು ಕೈಯನ್ನೇ ಎಳೆದುಕೊಳ್ಳುತ್ತದೆ. ತುಂಡು ಕಚ್ಚಿಕೊಂಡರೆ ಆ ತುಂಡೇ ಗಿರ್ರನೆ ತಿರುಗಿ ಹೊಡೆಯುತ್ತದೆ. ಈಗಾಗಲೇ ಇದ್ದವರು ಮಾರಬೇಡಿ ಕೂಡ, ಇನ್ನೊಬ್ಬರ ಮನೆಗೆ ಯಾಕೆ ಕಳಿಸಬೇಕು.

ಉಳಿದದ್ದು ಹೈಡ್ರಾಲಿಕ್, ಅಂದರೆ ಎಣ್ಣೆಯ ಒತ್ತಡದಲ್ಲಿ ಬೆಣೆ ಒತ್ತಿ ಸೀಳುವಂಥದ್ದು. ಇದು ನಿಧಾನ, ಆದರೆ ಲಿವರ್ ಬಿಟ್ಟರೆ ನಿಲ್ಲುತ್ತದೆ. ಕರೆಂಟಿನ, 6-7 ಟನ್ ಒತ್ತುವ ಶಕ್ತಿಯದ್ದು ನೆಟ್ಟಗಿನ ಸಿಲ್ವರ್ ಓಕ್, ಒಂದಡಿ ಒಳಗಿನ ದಪ್ಪಕ್ಕೆ ಸಾಕು. ಹಲಸಿನ ಗಂಟಿಗೆ ಸಾಲದು. ಮತ್ತೆ, ಅಂಗಡಿಯವರು ಹೇಳದ ಒಂದು ಮಾತಿದೆ. ಇಂಥ ಮಿಷನ್‌ಗೆ ಸಾಮಾನ್ಯವಾಗಿ 52 ಸೆಂಟಿಮೀಟರ್ ಉದ್ದದ ತುಂಡು ಮಾತ್ರ ಹಿಡಿಸುತ್ತದೆ, ಅಂದರೆ ಎರಡಡಿಯೂ ಇಲ್ಲ. ನಿಮ್ಮ ಅಡಿಕೆ ಒಲೆಗೆ ಮೂರಡಿ ಸೌದೆ ಹಾಕುವ ರೂಢಿ ಇದ್ದರೆ ಒಂದೋ ರೂಢಿ ಬದಲಾಗಬೇಕು, ಇಲ್ಲ ದೊಡ್ಡ ಮಿಷನ್ ಬೇಕು. ಟೇಪು ಹಿಡಿದು ಒಲೆಯ ಬಾಯಿ, ಉದ್ದ ಅಳೆದು ಬರೆದುಕೊಂಡು ಅಂಗಡಿಗೆ ಹೋಗಿ. ಮಳೆಗಾಲದಲ್ಲಿ ವೋಲ್ಟೇಜ್ ಇಳಿಯುವ ಊರಾದರೆ, ಅದರಲ್ಲೂ ಕೊಟ್ಟಿಗೆವರೆಗೆ ಸಣ್ಣ ವೈರ್ ಎಳೆದಿದ್ದರೆ, ಮೋಟಾರ್ ಸುಟ್ಟೇ ಹೋಗುತ್ತದೆ.

ಟ್ರ್ಯಾಕ್ಟರ್ ಪಿ.ಟಿ.ಓ.ಗೆ (ಹಿಂದುಗಡೆ ತಿರುಗುವ ದಂಡಕ್ಕೆ) ಹಾಕುವ 15 ಟನ್ ಮೇಲಿನದ್ದು ಮಲೆನಾಡಿನ ಮರಕ್ಕೆ ಸರಿ. ಆದರೆ ಒಂದು ಮನೆಗೆ ಅದು ಜಾಸ್ತಿಯೇ. ವರ್ಷದ ಸೌದೆ ನಾಲ್ಕೈದು ದಿನದಲ್ಲಿ ಮುಗಿಯುತ್ತದೆ, ಉಳಿದ ದಿನ ತುಕ್ಕು ಹಿಡಿಯುತ್ತದೆ. ನಾಲ್ಕು ಮನೆ ಸೇರಿ ತಗೊಳ್ಳಿ. ಸಹಾಯಧನ ಏನಿದೆ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಲಿವರ್ ಎರಡು ಇರುತ್ತವೆ, ಎರಡೂ ಕೈಯಲ್ಲಿ ಒತ್ತಿದರೆ ಮಾತ್ರ ಬೆಣೆ ಇಳಿಯುವ ಹಾಗೆ. ಒಂದು ಲಿವರಿಗೆ ತಂತಿ ಬಿಗಿದು, ಒಂದು ಕೈಯಲ್ಲಿ ತುಂಡು ಹಿಡಿದು ಕೆಲಸ ಮಾಡುವವರನ್ನು ಕಣ್ಣಾರೆ ನೋಡಿದ್ದೇನೆ. ಎರಡು ಲಿವರ್ ಇಟ್ಟಿರುವುದೇ ಬೆಣೆ ಇಳಿಯುವಾಗ ಎರಡೂ ಕೈ ದೂರ ಇರಲಿ ಅಂತ. ತುಂಡು ಇಡುವವರು, ಲಿವರ್ ಒತ್ತುವವರು ಒಬ್ಬರೇ ಆಗಿರಬೇಕು. ಇಬ್ಬರು ಸೇರಿ ಮಾಡಿದಾಗಲೇ ಬೆರಳು ಹೋಗುವುದು.

ಪ್ರಶ್ನೆ: ಮೇ ಕೊನೆಯಲ್ಲಿ ಬಿದ್ದ ಮರ ಅಕ್ಟೋಬರ್ ಅಡಿಕೆ ಸುಗ್ಗಿಗೆ ಒಣಗುತ್ತದಾ? ಬಿದ್ದ ಮರ ಕೊಯ್ಯಲು ಅರಣ್ಯ ಇಲಾಖೆಯ ಪರ್ಮಿಷನ್ ಬೇಕಾ? (ಶಿರಸಿ)

ಒಣಗುವುದಿಲ್ಲ. ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಚೆನ್ನಾಗಿ ಉರಿಯಲು ಅದು 20 ಪರ್ಸೆಂಟಿಗೆ ಇಳಿಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಗಾಳಿಯಲ್ಲೇ ಅಷ್ಟು ತೇವ ಇರುವಾಗ ಸೌದೆ ಎಲ್ಲಿಗೆ ನೀರು ಬಿಡಬೇಕು? ಈ ವರ್ಷ ಬಿದ್ದ ಮರ ಮುಂದಿನ ವರ್ಷದ ಸೌದೆ ಅಂತ ಲೆಕ್ಕ ಇಡಿ. ಈಗಲೇ ಸೀಳಿಬಿಡಿ, ಸಿಪ್ಪೆ ಇರುವ ಇಡೀ ಕೊರಡು ಒಳಗೇ ಕೊಳೆಯುತ್ತದೆ. ಹಳೆಯ ಅಡಿಕೆ ಮರ ಅಡ್ಡ ಹಾಕಿ ನೆಲದಿಂದ ಮೇಲೆ ಪೇರಿಸಿ. ಮೇಲೆ ಮಾತ್ರ ತಗಡು, ಪಕ್ಕ ಬಯಲು. ಟಾರ್ಪಾಲ್‌ನಲ್ಲಿ ಪೂರ್ತಿ ಸುತ್ತಿದರೆ ಬೂಷ್ಟು ಬರುತ್ತದೆ. ಒಂದು ಸೀಳಿಗೆ ಸುಣ್ಣದ ಗುರುತು ಹಾಕಿ, ಹದಿನೈದು ದಿನಕ್ಕೊಮ್ಮೆ ತಕ್ಕಡಿಯಲ್ಲಿ ತೂಗಿ ಗೋಡೆ ಮೇಲೆ ಬರೆಯುತ್ತಾ ಬನ್ನಿ. ಬೇಸಿಗೆಯಲ್ಲಿ ತೂಕ ಇಳಿಯುವುದು ನಿಂತಾಗ ಒಣಗಿದೆ ಅಂತ. ಎರಡು ಸೀಳನ್ನು ತಾಗಿಸಿ ನೋಡಿದರೂ ಗೊತ್ತಾಗುತ್ತದೆ. ಒಣಗಿದ್ದು ಟಣ್ ಅನ್ನುತ್ತದೆ, ಹಸಿಯದ್ದು ದಪ್ ಅನ್ನುತ್ತದೆ.

ಪರ್ಮಿಷನ್ ವಿಷಯ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಸ್ವಂತ ಜಾಗದ ಮರ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿ, ಸರ್ವೆಯಂಥ ಕೆಲವಕ್ಕೆ ಬೇಡ. ಸತ್ತ ಮರ, ಗಾಳಿಗೆ ಬಿದ್ದ ಮರಕ್ಕೆ ಕೇಳಿದರೆ ಅನುಮತಿ ನಿರಾಕರಿಸುವಂತಿಲ್ಲ ಅಂತ ಅದೇ ಕಾಯ್ದೆಯಲ್ಲಿದೆ. ಹಾಗಂತ ಕೇಳದೇ ಇರಬೇಡಿ. ಬಿದ್ದ ಹಾಗೇ ಬೇರು ಕಾಣುವಂತೆ ನಾಲ್ಕು ಕಡೆಯಿಂದ ಫೋಟೋ ತೆಗೆದು, ಅರ್ಜಿ ಕೊಟ್ಟು, ಸ್ವೀಕೃತಿ ಇಟ್ಟುಕೊಳ್ಳಿ. ತೇಗ, ಬೀಟೆ, ಗಂಧ ಬಿದ್ದಿದ್ದರೆ ಇಲಾಖೆಯವರು ನೋಡುವವರೆಗೆ ಮುಟ್ಟಬೇಡಿ. ರಸ್ತೆ ಬದಿ, ಕಾಡಂಚಿನ ಮರ ನಿಮ್ಮ ಬೇಲಿಯೊಳಗೆ ಬಿದ್ದರೂ ನಿಮ್ಮದಲ್ಲ.

ಪ್ರಶ್ನೆ: ನಾನು ಬೆಂಗಳೂರಿನಲ್ಲಿದ್ದೇನೆ. ಬೆಳ್ತಂಗಡಿ ಹತ್ತಿರ ಊರಲ್ಲಿ ಅಪ್ಪ, 66 ವರ್ಷ, ಲುಂಗಿ ಉಟ್ಟು ಹವಾಯಿ ಚಪ್ಪಲಿಯಲ್ಲಿ ಒಬ್ಬರೇ ಚೈನ್ ಸಾ ಹಿಡಿದು ಬಿದ್ದ ಮರ ಕೊಯ್ಯುತ್ತಾರೆ. ಬೇಡ ಅಂದರೆ ಸಿಟ್ಟು. ಏನು ಮಾಡಲಿ?

ನಿಮ್ಮ ಪತ್ರ ಎರಡು ಸಲ ಓದಿದೆ. ಬೇಡ ಅನ್ನಬೇಡಿ ಅಮ್ಮ, ಅವರು ಬಿಡುವುದಿಲ್ಲ. ಆ ತೋಟ ಅವರ ಕೈಯಲ್ಲಿ ಬೆಳೆದದ್ದು. ದುಡ್ಡು ಕಳಿಸುವ ಬದಲು ಸಾಮಾನು ತಗೊಂಡು ಹೋಗಿ. ಮೊದಲು ಚೈನ್ ಸಾ ಚಾಪ್ಸ್, ಪ್ಯಾಂಟಿನ ಮೇಲೆ ಮುಂದುಗಡೆ ಕಟ್ಟಿಕೊಳ್ಳುವಂಥದ್ದು. ಅದರೊಳಗೆ ಉದ್ದುದ್ದ ನೂಲಿನ ಪದರ ಇರುತ್ತದೆ. ಚೈನ್ ತಾಗಿದ ಕೂಡಲೇ ಆ ನೂಲು ಕಿತ್ತು ಬಂದು ಹಲ್ಲುಚಕ್ರಕ್ಕೆ ಸುತ್ತಿಕೊಂಡು ಚೈನನ್ನೇ ನಿಲ್ಲಿಸುತ್ತದೆ. ಗಟ್ಟಿ ಜೀನ್ಸ್ ಇದೆಯಲ್ಲ ಅನ್ನುವವರಿಗೆ ಇದೇ ಉತ್ತರ, ಜೀನ್ಸ್ ಚೈನನ್ನು ನಿಲ್ಲಿಸುವುದಿಲ್ಲ. ಆಮೇಲೆ ಮುಖಕ್ಕೆ ಜಾಲರಿ, ಕಿವಿಗೆ ಮುಚ್ಚಳ ಇರುವ ಹೆಲ್ಮೆಟ್, ಬೆರಳಿಗೆ ಉಕ್ಕಿನ ಟೋಪಿ ಇರುವ ಬೂಟು. ಮಿಷನ್ನಿನ ಚೈನ್ ಬ್ರೇಕ್ ಕೆಲಸ ಮಾಡುತ್ತದಾ ಅಂತ ನೀವೇ ನಿಂತು ನೋಡಿ. ಮುಂದಿನ ಹಿಡಿಯ ಮೇಲಿನ ಗಾರ್ಡ್ ಮುಂದಕ್ಕೆ ತಳ್ಳಿದರೆ ಚೈನ್ ಥಟ್ಟನೆ ನಿಲ್ಲಬೇಕು. ನಿಲ್ಲದಿದ್ದರೆ ರಿಪೇರಿ ಆಗುವವರೆಗೆ ಮಿಷನ್ ನಿಮ್ಮ ಕಾರಿನ ಡಿಕ್ಕಿಯಲ್ಲಿರಲಿ.

ಒಬ್ಬರೇ ಹೋಗುವುದು ಮಾತ್ರ ನಿಲ್ಲಬೇಕು. ಪಕ್ಕದ ಮನೆಯವರು ಸುಮ್ನೆ ಕೂಗಳತೆಯಲ್ಲಿ ಇದ್ದರೂ ಸಾಕು, ಮಿಷನ್ ಸದ್ದು ನಿಂತು ಕಾಲು ಗಂಟೆಯಾದರೂ ಅಪ್ಪ ಬರದಿದ್ದರೆ ಹೋಗಿ ನೋಡುವಂಥವರು. ಕೊರಳಿಗೆ ಒಂದು ಸೀಟಿ ಹಾಕಿ, ತೋಟದಲ್ಲಿ ಫೋನ್ ಸಿಗ್ನಲ್ ನಂಬಬೇಡಿ. ಗಾಯಕ್ಕೆ ಬಿಗಿಯಾಗಿ ಸುತ್ತುವ ಅಗಲದ ಬ್ಯಾಂಡೇಜ್ ಎರಡು ಜೇಬಿನಲ್ಲೇ ಇರಲಿ. ಸಿಗ್ನಲ್ ಯಾವ ಮರದ ಹತ್ತಿರ ಸಿಗುತ್ತದೆ ಅಂತ ನೋಡಿಟ್ಟುಕೊಂಡು, ಅಲ್ಲಿಂದ 108ಕ್ಕೆ ಫೋನ್ ಮಾಡುವುದು ಹೇಗೆ, ಮನೆಗೆ ದಾರಿ ಹೇಗೆ ಹೇಳುವುದು ಅಂತ ನಿಮ್ಮ ಅಮ್ಮನಿಗೂ ಗೊತ್ತಿರಲಿ.

ಚಾಪ್ಸ್ ಉದ್ದದ ಅಳತೆಯಲ್ಲಿ ಬರುತ್ತದೆ. ಅಪ್ಪನ ಸೊಂಟದಿಂದ ಪಾದದ ಗಂಟಿನವರೆಗೆ ಅಳೆದು ತಗೊಳ್ಳಿ, ಗಿಡ್ಡ ಆದರೆ ಮೊಣಕಾಲಿನ ಕೆಳಗೆ ಬರಿದಾಗಿ ಉಳಿಯುತ್ತದೆ. ಕೊಟ್ಟ ದಿನ ಅವರ ಜೊತೆ ತೋಟಕ್ಕೆ ಹೋಗಿ, ಮೊದಲನೇ ಸಲ ನೀವೇ ಕಟ್ಟಿಕೊಡಿ.