ರಾಣಿಯ ಸೆರೆವಾಸ ಮತ್ತು ಲೆಕ್ಕದ ಸುರುಳಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಇಂಗ್ಲೆಂಡಿನ ದೊರೆ ಎರಡನೇ ಹೆನ್ರಿಯ ಪತ್ನಿ, ಅಕ್ವಿಟೇನಿನ ಎಲಿನೋರಳ ಸೆರೆವಾಸವನ್ನು ವಸ್ತುವಾಗಿಟ್ಟುಕೊಂಡು ಕನ್ನಡದಲ್ಲಿ ಕಾದಂಬರಿ ಬರೆಯುತ್ತಿದ್ದೇನೆ. ಸುಮಾರು ಹದಿನೈದು ವರ್ಷ ಆಕೆ ಹೇಗೆ ಕಾಲ ಕಳೆದಳೆಂಬುದಕ್ಕೆ ದಾಖಲೆಯೇ ಇಲ್ಲ. ಈ ತೆರಪನ್ನು ತುಂಬಲು, ಗಂಡನ ಪ್ರೇಯಸಿ ರೋಸಮಂಡಳಿಗೆ ರಾಣಿಯೇ ವಿಷ ಕೊಟ್ಟಳೆಂಬ ಪ್ರಸಿದ್ಧ ಕಥೆಯನ್ನು ಬಳಸಿಕೊಳ್ಳಬಹುದೇ?
— ಓದುಗರೊಬ್ಬರು, ತಿಪಟೂರು

ಉತ್ತರ: ವಿಷದ ವಿಚಾರವನ್ನು ಮೊದಲು ಇತ್ಯರ್ಥ ಮಾಡಿಬಿಡೋಣ. 1173ರಲ್ಲಿ ಹೆನ್ರಿಯ ಮಕ್ಕಳು ತಂದೆಯ ಮೇಲೆ ತಿರುಗಿಬಿದ್ದಾಗ ಎಲಿನೋರ್ ಮಕ್ಕಳ ಪಕ್ಷ ವಹಿಸಿದಳು, ಗಂಡಸಿನ ಉಡುಪಿನಲ್ಲಿ ತಪ್ಪಿಸಿಕೊಂಡು ಹೋಗುವಾಗ ಸಿಕ್ಕಿಬಿದ್ದಳು, 1174ರ ಜುಲೈನಲ್ಲಿ ಹಡಗಿನಲ್ಲಿ ಇಂಗ್ಲೆಂಡಿಗೆ ಸಾಗಿಸಲ್ಪಟ್ಟಳು. 1189ರ ಜುಲೈ 6ರಂದು ಹೆನ್ರಿ ಸಾಯುವವರೆಗೂ ಆಕೆ ರಾಜನ ಕಾವಲಿನಲ್ಲಿಯೇ ಇದ್ದಳು. ರೋಸಮಂಡ್ ತೀರಿಕೊಂಡದ್ದು ಸುಮಾರು 1176ರಲ್ಲಿ. ಆಕೆಯನ್ನು ಮಣ್ಣು ಮಾಡಿದ್ದು ಗಾಡ್‌ಸ್ಟೋ ಎಂಬ ಸನ್ಯಾಸಿನಿಯರ ಮಠದಲ್ಲಿ. ಎಂದರೆ, ವಿಷ ಕೊಟ್ಟಳೆಂದು ಹೇಳಲಾದವಳು ಆ ಹೊತ್ತಿಗೆ ಸೆರೆಯಲ್ಲಿದ್ದಳು. ಕೊಲೆಯ ಕಥೆ ಹುಟ್ಟಿ ಬೆಳೆದದ್ದು 14ನೇ ಶತಮಾನದಿಂದೀಚೆಗೆ. ಆದ್ದರಿಂದ ಅದನ್ನು ಗಾಳಿಮಾತಿನ ರೂಪದಲ್ಲಿ ದಾಸಿಯೊಬ್ಬಳ ಬಾಯಿಗೆ ಹಾಕುವುದೂ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಆ ಕಾಲದಲ್ಲಿ ಆ ಗಾಳಿಯೇ ಬೀಸಿರಲಿಲ್ಲ.

ನಮ್ಮ ತುಮಕೂರಿನ ಪಕ್ಕದ ಕೈದಾಳವನ್ನೇ ನೋಡಿ. ಜಕಣಾಚಾರಿ ತನ್ನ ಕೈ ಕಡಿದುಕೊಂಡು ಮತ್ತೆ ಕೈ ಪಡೆದ ಕಥೆಯನ್ನು ನಾವೆಲ್ಲ ತೊಡೆಯ ಮೇಲೆ ಕುಳಿತು ಕೇಳಿದವರು. ಅಲ್ಲಿನ ಶಾಸನ ಹೇಳುವುದಾದರೋ ಗುಡಿ ಕಟ್ಟಿಸಿದ ಬಾಚಿ ಎಂಬ ಸಾಮಂತನ ಹೆಸರನ್ನು. ಜಕಣಾಚಾರಿಯ ಕಥೆಯನ್ನು ಬರೆಯಬಾರದೆಂದಲ್ಲ. ಬಾಚಿಯ ಕುರಿತು ಕಾದಂಬರಿ ಬರೆಯುವವರು ಅದನ್ನು ಬಾಚಿಯ ಕಾಲದ ಸುದ್ದಿಯೆಂದು ತಿಳಿದು ಬರೆಯಬಾರದು, ಅಷ್ಟೆ. ನಿಮಗಾದರೋ ವಿಷಕ್ಕಿಂತ ಒಳ್ಳೆಯ ಸಂದರ್ಭವೊಂದು ಕೈಯಲ್ಲೇ ಇದೆ: ಸವತಿಯ ಸಾವಿನ ಸುದ್ದಿ ಕಾವಲಿನಲ್ಲಿರುವ ರಾಣಿಯನ್ನು ತಲುಪುವ ದಿನ. ಅದನ್ನು ಯಾರು ತಂದರು, ಆಕೆ ಏನೆಂದಳು ಎಂಬುದನ್ನು ಯಾರೂ ಬರೆದಿಟ್ಟಿಲ್ಲ. ಅಲ್ಲಿ ನೀವು ಸ್ವತಂತ್ರರು.

ಇನ್ನು, ದಾಖಲೆಯೇ ಇಲ್ಲ ಎಂಬ ನಿಮ್ಮ ಮಾತನ್ನು ನಾನು ಒಪ್ಪಲಾರೆ. ಕಥನವಿಲ್ಲ ಎನ್ನಿ, ಒಪ್ಪುತ್ತೇನೆ. ಆ ಕಾಲದಲ್ಲಿ ಪ್ರತಿ ಜಿಲ್ಲೆಯ ಷೆರೀಫನು ವರ್ಷಕ್ಕೊಮ್ಮೆ ರಾಜನ ಖಜಾನೆಗೆ ಬಂದು ಜಮಾ ಖರ್ಚು ಒಪ್ಪಿಸಬೇಕಾಗಿತ್ತು. 10 ಅಡಿ ಉದ್ದ, 5 ಅಡಿ ಅಗಲದ ಮೇಜಿನ ಮೇಲೆ ಚೌಕಳಿ ಗೆರೆಗಳ ಬಟ್ಟೆ ಹಾಸಿ, ಅದರ ಮೇಲೆ ಬಿಲ್ಲೆಗಳನ್ನಿಟ್ಟು, ಎಲ್ಲರ ಕಣ್ಣೆದುರು ಎಣಿಸುತ್ತಿದ್ದರು. ನಮ್ಮ ಹಿರಿಯರು ಕಂಡ ಜಮಾಬಂದಿಯ ಹಾಗೆಯೇ. ಆ ಲೆಕ್ಕವನ್ನು ಚರ್ಮದ ಹಾಳೆಗಳಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬರೆದು ಸುರುಳಿ ಸುತ್ತಿಡುತ್ತಿದ್ದರು. ಪೈಪ್ ರೋಲ್ ಎಂದು ಕರೆಯುವ ಈ ಸುರುಳಿಗಳಲ್ಲಿ 1130ರದ್ದೊಂದು ಉಳಿದಿದೆ. ಹೆನ್ರಿಯ ಆಳ್ವಿಕೆಯ ಆರಂಭದಿಂದ ಅವು ಸಾಲಾಗಿ ಸಿಗುತ್ತವೆ, ಅಚ್ಚಾಗಿಯೂ ಇವೆ. ಅವುಗಳಲ್ಲಿ ಸೆರೆಯಲ್ಲಿದ್ದ ರಾಣಿಗಾಗಿ ಮಾಡಿದ ಖರ್ಚು ದಾಖಲಾಗಿದೆ. ರಾಣಿಗೂ ಆಕೆಯ ದಾಸಿ ಅಮಾರಿಯಾಳಿಗೂ ಬಟ್ಟೆ ತಂದ ಬಾಬ್ತು ಹಣ ಬರೆದ ಸಾಲು ಅಲ್ಲಿದೆ.

ಆ ಒಂದು ಸಾಲಿನ ಎದುರು ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಎರಡು ರಾಜ್ಯಗಳ ಪಟ್ಟದ ರಾಣಿಯಾಗಿದ್ದವಳ ಬಟ್ಟೆಯನ್ನು ದಾಸಿಯ ಬಟ್ಟೆಯೊಡನೆ ಒಂದೇ ಬಾಬಿನಲ್ಲಿ ಸೇರಿಸಿ ಗುಮಾಸ್ತನೊಬ್ಬನು ಲೆಕ್ಕ ಮುಗಿಸಿದ್ದಾನೆ. ಅವನಿಗೆ ರಾಣಿಯನ್ನು ಹೊಗಳುವ ಅಗತ್ಯವೂ ಇರಲಿಲ್ಲ, ತೆಗಳುವ ಅಗತ್ಯವೂ ಇರಲಿಲ್ಲ. ಮೊತ್ತ ತಾಳೆಯಾದರೆ ಸಾಕಾಗಿತ್ತು. ಬಟ್ಟೆ ಬಂದ ದಿನ ಅದನ್ನು ಬಿಚ್ಚಿ ನೋಡಿದವರು ಯಾರು? ಅಳತೆ ಹೇಳಿ ಕಳಿಸಿದವರು ಯಾರು? ನಿಮ್ಮ ಕಾದಂಬರಿಯ ಮೊದಲ ಅಧ್ಯಾಯ ಇಲ್ಲಿಂದ ಹೊರಡಬಹುದು. ಅಮಾರಿಯಾಳ ಬಗ್ಗೆ ಹೆಸರೊಂದನ್ನು ಬಿಟ್ಟರೆ ಹೆಚ್ಚೇನೂ ತಿಳಿಯದಿರುವುದರಿಂದ, ಕಥೆಯನ್ನು ಆಕೆಯ ಕಣ್ಣಿನಿಂದ ಹೇಳಿದರೆ ರಾಣಿಯ ಮನಸ್ಸಿನೊಳಗೆ ನುಗ್ಗಿ ಸುಳ್ಳು ಹೇಳುವ ಪ್ರಸಂಗವೂ ನಿಮಗೆ ಕಡಿಮೆಯಾಗುತ್ತದೆ.

ವೃತ್ತಾಂತಕಾರರನ್ನು ಓದುವಾಗ ಅವರ ಹೊಟ್ಟೆನೋವನ್ನೂ ಓದಬೇಕು. ಹೆನ್ರಿಯ ಕುಟುಂಬವನ್ನು ವೇಲ್ಸಿನ ಜೆರಾಲ್ಡನು ಹಿಗ್ಗಾಮುಗ್ಗಾ ಬೈಯುತ್ತಾನೆ. ತಾನು ಬಯಸಿದ ಬಿಷಪ್ ಪದವಿ ಕೈತಪ್ಪಿದ್ದನ್ನು ಅವನು ಕೊನೆಯವರೆಗೂ ಮರೆಯಲಿಲ್ಲ. ಇದಕ್ಕೆ ಎದುರು ಬದಿಯಲ್ಲಿ, ವಿಲಿಯಂ ಮಾರ್ಷಲ್ ಎಂಬ ವೀರನ ಜೀವನವನ್ನು ಹತ್ತೊಂಬತ್ತು ಸಾವಿರಕ್ಕೂ ಹೆಚ್ಚು ಸಾಲುಗಳ ಫ್ರೆಂಚ್ ಪದ್ಯದಲ್ಲಿ ಬರೆಸಿದ್ದು ಅವನ ಮನೆಯವರೇ. ನಮ್ಮ ಶಾಸನಗಳ ಬಿರುದಾವಳಿಯನ್ನು ಓದುವ ಎಚ್ಚರದಲ್ಲಿ ಅದನ್ನು ಓದಬೇಕು. ಹಾಗೆಂದು ವೈರಿ ಹೇಳಿದ್ದೆಲ್ಲ ಸುಳ್ಳೆಂದೂ ತಳ್ಳಿಹಾಕುವಂತಿಲ್ಲ. 15ನೇ ಶತಮಾನದ ಇಂಗ್ಲೆಂಡಿನ ದೊರೆ ಮೂರನೇ ರಿಚರ್ಡನ ಮೈ ಸೊಟ್ಟಗಿತ್ತು, ಒಂದು ಕೈ ಸೊರಗಿತ್ತು ಎಂದು ಅವನ ವಿರೋಧಿಗಳು ಬರೆದಿದ್ದರು. 2012ರಲ್ಲಿ ಲೆಸ್ಟರ್ ನಗರದ ವಾಹನ ನಿಲ್ದಾಣವೊಂದರ ಅಡಿಯಲ್ಲಿ ಅವನ ಅಸ್ಥಿಪಂಜರ ಸಿಕ್ಕಾಗ ಬೆನ್ನುಮೂಳೆ ನಿಜಕ್ಕೂ ಬಾಗಿತ್ತು. ಕೈ ಮಾತ್ರ ನೆಟ್ಟಗಿತ್ತು.

ಪ್ರಶ್ನೆ: ಮಧ್ಯಯುಗದ ಇಂಗ್ಲೆಂಡಿನ ಪಾತ್ರಗಳು ಕನ್ನಡದಲ್ಲಿ ಮಾತನಾಡುವಾಗ ಪರಸ್ಪರ 'ನೀನು' ಎನ್ನಬೇಕೇ, 'ನೀವು' ಎನ್ನಬೇಕೇ? ನಾನು ಬರೆದ ಸಂಭಾಷಣೆ ಪೌರಾಣಿಕ ನಾಟಕದಂತಿದೆ ಎಂದು ಮನೆಯಲ್ಲಿ ನಗುತ್ತಾರೆ.
— ಕಾಲೇಜು ಅಧ್ಯಾಪಕಿ, ಶ್ರೀನಿವಾಸಪುರ

ಉತ್ತರ: ಮನೆಯವರು ನಕ್ಕರೆ ಅದನ್ನು ನಂಬಿ, ಅವರಷ್ಟು ಒಳ್ಳೆಯ ವಿಮರ್ಶಕರು ಸಿಗುವುದಿಲ್ಲ. ಗುಬ್ಬಿ ಕಂಪನಿಯನ್ನು ಕೊಟ್ಟ ಜಿಲ್ಲೆಯವನಾದ ನನ್ನ ಕಿವಿಯಲ್ಲಿಯೂ 'ಮಹಾಪ್ರಭು' ಎಂಬುದು ತಾನಾಗಿ ಮೊಳಗುತ್ತದೆ. ಆದರೆ 12ನೇ ಶತಮಾನದ ಆ ಆಸ್ಥಾನದಲ್ಲಿ ಅಷ್ಟೊಂದು ಆಡಂಬರದ ಸಂಬೋಧನೆ ಇರಲಿಲ್ಲ. ರಾಜನನ್ನು 'ಒಡೆಯ' ಎಂಬರ್ಥದ ಪದದಿಂದ ಕರೆಯುತ್ತಿದ್ದರು, ಮತ್ತು ಆ ಪದ ನಮ್ಮಲ್ಲಿ ಸಿದ್ಧವಾಗಿಯೇ ಇದೆ. ಏಕವಚನ ಬಹುವಚನದ ವಿಷಯದಲ್ಲಿ ನಿಮಗೊಂದು ಅನುಕೂಲವೂ ಇದೆ: ಆಸ್ಥಾನದ ಮಾತು ಇಂಗ್ಲಿಷ್ ಆಗಿರದೆ ಫ್ರೆಂಚ್ ಆಗಿತ್ತು, ಮತ್ತು ಫ್ರೆಂಚ್‌ನಲ್ಲಿ ನಮ್ಮ 'ನೀನು', 'ನೀವು'ಗಳಂಥ ಜೋಡಿಯಿದೆ. ಇಂದಿನ ಇಂಗ್ಲಿಷ್ ಕಾದಂಬರಿಕಾರನಿಗೆ ಇಲ್ಲದ ಸಲಕರಣೆ ನಿಮ್ಮ ಕೈಯಲ್ಲಿದೆ. ಸಭೆಯಲ್ಲಿ ಹೆಂಡತಿಯನ್ನು 'ನೀವು' ಎನ್ನುವ ಹೆನ್ರಿ, ಜಗಳದ ನಡುವೆ ಒಮ್ಮೆ 'ನೀನು' ಎಂದರೆ ಓದುಗನಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ನಿರೂಪಣೆಯಲ್ಲಿ ಮಾತ್ರ 'ಹೆನ್ರಿ ಬಂದನು' ಎಂದೇ ಇರಲಿ. ಕೃಷ್ಣದೇವರಾಯನಿಗೆ ಇಲ್ಲದ ಬಹುವಚನ ಅವನಿಗೇಕೆ?

ದೊರೆಗಳದ್ದು ಫ್ರೆಂಚ್, ಉಳುವವರದ್ದು ಇಂಗ್ಲಿಷ್, ಪಾದ್ರಿಗಳ ಬರವಣಿಗೆ ಲ್ಯಾಟಿನ್. ಈ ಸ್ಥಿತಿಯನ್ನು ಬೇರೆ ಊರಿನವರಿಗೆ ವಿವರಿಸಬೇಕಾದೀತು. ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ, ಅರ್ಚಕರ ಬಾಯಲ್ಲಿ ಸಂಸ್ಕೃತ ಕೇಳುತ್ತ ಬೆಳೆಯುವ ನಿಮ್ಮ ಸೀಮೆಯವರಿಗೆ ಬೇಕಾಗಿಲ್ಲ. ಅಧಿಕಾರಿಯ ಎದುರು ಭಾಷೆ ಬದಲಿಸುವಾಗ ರೈತನ ದನಿ ಹೇಗೆ ತಗ್ಗುತ್ತದೆ ಎಂಬುದನ್ನು ನೀವು ಸಂತೆಯಲ್ಲೇ ಕೇಳಿದ್ದೀರಿ, ಅದನ್ನು ಬರೆಯಿರಿ.

ಪ್ರಶ್ನೆ: ಎರಡನೇ ಹೆನ್ರಿಗೆ ಮೊದಲು ಇಂಗ್ಲೆಂಡನ್ನು ಆಳಿದ ಸ್ಟೀಫನ್ ದೊರೆಯ ಕಾಲದ ಕಥೆಯಲ್ಲಿ ಎಲ್ಲಿ ನೋಡಿದರೂ ಮಟಿಲ್ಡಾ. ಹೆಸರು ಬದಲಿಸಬಹುದೇ?
— ಓದುಗರು, ಚಿಂತಾಮಣಿ

ಉತ್ತರ: ಬದಲಿಸಬೇಡಿ, ಗುರುತು ಸೇರಿಸಿ. ಊರಿನಲ್ಲಿ ನಾಲ್ವರು ವೆಂಕಟರಾಯಪ್ಪಗಳಿದ್ದರೆ ಕೆರೆಹಿಂದಿನವರು, ಗಿರಣಿಯವರು ಎಂದು ನಾವು ಹೇಳುವುದಿಲ್ಲವೇ? ಸ್ಟೀಫನ್ನನ ಹೆಂಡತಿ ಬುಲೋನಿನ ಮಟಿಲ್ಡಾ. ಅವನ ಎದುರಾಳಿ, ಜರ್ಮನ್ ಚಕ್ರವರ್ತಿಯ ವಿಧವೆಯಾಗಿದ್ದರಿಂದ, ಚಕ್ರವರ್ತಿನಿ. 1142ರ ಚಳಿಗಾಲದಲ್ಲಿ ಆಕ್ಸ್‌ಫರ್ಡ್ ಕೋಟೆಯಿಂದ ಹಿಮದ ಮೇಲೆ ನಡೆದು ತಪ್ಪಿಸಿಕೊಂಡವಳು ಈ ಎರಡನೆಯವಳು.

ಪ್ರಶ್ನೆ: ಆ ಕಾಲದ ಅಡುಗೆಮನೆಯನ್ನು ವರ್ಣಿಸುವಾಗ ಏನನ್ನು ಗಮನಿಸಬೇಕು?
— ಓದುಗರು, ಕೋಲಾರ

ಉತ್ತರ: ನಿಮ್ಮ ಊರಿನ ಮಾರುಕಟ್ಟೆಯನ್ನು ಮರೆಯುವುದನ್ನು. ಟೊಮೆಟೊ, ಆಲೂಗಡ್ಡೆ, ಮುಸುಕಿನ ಜೋಳ, ಮೆಣಸಿನಕಾಯಿ ಇವೆಲ್ಲ ಅಮೆರಿಕ ಖಂಡದ ಬೆಳೆಗಳು. 1492ಕ್ಕೆ ಮೊದಲು ಇಂಗ್ಲೆಂಡಿನಲ್ಲೂ ಇರಲಿಲ್ಲ, ನಮ್ಮಲ್ಲೂ ಇರಲಿಲ್ಲ. ನಾನೇ ಹಿಂದೊಮ್ಮೆ ಹೊಯ್ಸಳರ ಕಾಲದ ಕಥೆಯೊಂದರಲ್ಲಿ ಸೈನಿಕನ ರಾಗಿಮುದ್ದೆಯ ಪಕ್ಕದಲ್ಲಿ ಹಸಿಮೆಣಸಿನಕಾಯಿ ಇಟ್ಟಿದ್ದೆ. ಅಚ್ಚಿಗೆ ಹೋಗುವ ಮುನ್ನ ಕರಡು ತಿದ್ದುವವರ ಕಣ್ಣಿಗೆ ಬಿದ್ದು ಮರ್ಯಾದೆ ಉಳಿಯಿತು. ಆ ಕಾಯಿಯ ಹೆಸರೇ ಅದು ಮೆಣಸಿನ ನಂತರ ಬಂದದ್ದೆಂದು ಸಾರುತ್ತಿದ್ದರೂ ನನಗೆ ಹೊಳೆದಿರಲಿಲ್ಲ. ಕಾಳುಮೆಣಸನ್ನು ಮಾತ್ರ ಧಾರಾಳವಾಗಿ ಬಳಸಿ. ಮಲಬಾರಿನ ಕಡೆಯಿಂದ ಹೊರಟ ಅದು ಹಲವು ಕೈ ದಾಟಿ ಅಲ್ಲಿಗೆ ತಲುಪುತ್ತಿತ್ತು. ಲಂಡನ್ನಿನ ಮೆಣಸಿನ ವ್ಯಾಪಾರಿಗಳ ಸಂಘದ ಹೆಸರು 1180ರ ಲೆಕ್ಕದ ಸುರುಳಿಯಲ್ಲಿದೆ, ರಾಜನ ಅಪ್ಪಣೆಯಿಲ್ಲದೆ ಸಂಘ ಕಟ್ಟಿದ್ದಕ್ಕಾಗಿ ತೆತ್ತ ದಂಡದ ಬಾಬಿನಲ್ಲಿ.