ಗದ್ದದ ಮೇಲೆ ಕಂದು ಚುಕ್ಕೆ ಇರುವ ಈ ಪುಟ್ಟ ಆಫ್ರಿಕನ್ ಹಕ್ಕಿ ಯಾವುದು?

ಇದು ಚಿನ್‌ಸ್ಪಾಟ್ (ಎಂದರೆ ಗದ್ದದ ಚುಕ್ಕೆ) ಬ್ಯಾಟಿಸ್, ಅದೂ ಹೆಣ್ಣು. ಪೂರ್ವ ಮತ್ತು ದಕ್ಷಿಣ ಆಫ್ರಿಕಾದ ಬಯಲುಗಾಡು, ಸವನ್ನಾಗಳಲ್ಲಿ ಹುಳ ಹಿಡಿದು ಬದುಕುವ ಹಕ್ಕಿ. ಉದ್ದ ಸುಮಾರು 12 ಸೆಂ.ಮೀ. ಎದೆಯ ಅಡ್ಡಪಟ್ಟಿ, ಗದ್ದದ ಚುಕ್ಕೆ ಎರಡೂ ಕೆಂಗಂದು. ಚುಕ್ಕೆಯ ಸುತ್ತ ಅಚ್ಚ ಬಿಳಿ. ಕಣ್ಣು ಹಳದಿ. ಗಂಡಿಗೆ ಚುಕ್ಕೆಯೇ ಇಲ್ಲ, ಎದೆಪಟ್ಟಿಯೂ ಕಪ್ಪು. ಹೆಸರು ನಂಬಿ ಚುಕ್ಕೆ ಹುಡುಕುವವರು ಗಂಡುಹಕ್ಕಿಯನ್ನು ಬೇರೆ ಜಾತಿ ಎಂದುಕೊಳ್ಳುವುದು ಇದರಿಂದಲೇ.

ಪಕ್ಕೆಗಳನ್ನು ತಪ್ಪದೆ ನೋಡಿ. ಇದರದು ಬಿಳಿ. ದಟ್ಟ ಕಾಡಿನ ಕೇಪ್ ಬ್ಯಾಟಿಸ್‌ಗೆ ಪಕ್ಕೆ ಕೆಂಗಂದು. ಪಶ್ಚಿಮದ ಒಣನಾಡಿನ ಪ್ರಿರಿಟ್ ಬ್ಯಾಟಿಸ್‌ನಲ್ಲಿ ಗಂಡಿನ ಪಕ್ಕೆಗೆ ಕಪ್ಪು ಮಚ್ಚೆಗಳು. ಅದರ ಹೆಣ್ಣಿಗೆ ಗಂಟಲಿನಿಂದ ಎದೆಯವರೆಗೆ ಮಾಸಲು ಕಿತ್ತಳೆ ಬಣ್ಣ, ಬಿಡಿ ಚುಕ್ಕೆಯಿಲ್ಲ. ಚಿನ್‌ಸ್ಪಾಟ್ ಎಲೆಮರೆಯಲ್ಲಿದ್ದರೆ ಕಿವಿಗೊಡಿ: ಮೂರು ಸೀಟಿ, ಒಂದಕ್ಕಿಂತ ಒಂದು ತಗ್ಗಿದ ಸ್ವರದಲ್ಲಿ.